ತಲೆಕೆಳಗಾಗಿ ಬರೆಯುವ ಹೆಸರು

ಜೂನ್ 30, ಮಾಹ್ ದಿನ

...ಎಂದ ಮೇಲೆ ಇನ್ನೊಂದು ಮಾತೂ ಇತ್ತು. ಅದು ಮರೆತುಹೋಗಿದೆ. ಮೊದಲರ್ಧ ಮಾತ್ರ ನೆನಪಿದೆ: "ಈ ಮನೆಗೆ ಕೇಡು ಹೊರಗಿಂದ ಬಂದಿಲ್ಲ, ನಿನ್ನ ಕೈಯಿಂದ ಬಂದದ್ದು." ಅಪ್ಪ ತೀರಿಹೋದ ನಾಲ್ಕನೇ ದಿನದ ಬೆಳಗು, ಚಿಕ್ಕಮ್ಮನ ಅಡಿಗೆಮನೆ, ಸತ್ತವರಿಗಾಗಿ ಎಣ್ಣೆಯಲ್ಲಿ ಕರಿಯುವ ರೊಟ್ಟಿಯ ವಾಸನೆ. ಆಡಿದವನು ತಮ್ಮ ತೀರಂದಾಜ್. ಏಳು ವರ್ಷವಾಯಿತು. ಇವತ್ತು ಯಜ್ದ್‌ ನಗರದಿಂದ ಚಿಕ್ಕಮ್ಮನ ಊರಿಗೆ ಬರುವ ಬಸ್ಸಿನಲ್ಲಿ, ಶೀರ್‌ಕೂಹ್ ಬೆಟ್ಟ ಕಾಣಿಸಿಕೊಳ್ಳುವ ತಿರುವಿನಲ್ಲಿ, ಯಾರೋ ಹಿಂದಿನ ಸೀಟಿನಿಂದ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು.

ಕಾಲೇಜಿನಲ್ಲಿ ನಾನು ಪಾಠ ಮಾಡುವುದೇ ಮನಶ್ಶಾಸ್ತ್ರ. ನೆನಪೆಂದರೆ ಪ್ರತಿ ಸಲವೂ ಹೊಸದಾಗಿ ಕಟ್ಟುವ ಕಥೆ ಎಂದು ಹುಡುಗಿಯರಿಗೆ ವರ್ಷವರ್ಷವೂ ಹೇಳುತ್ತೇನೆ. ಈ ಒಂದು ಮಾತನ್ನು ಮಾತ್ರ ಆ ಪಾಠದಿಂದ ಹೊರಗಿಟ್ಟು ಕಾಪಾಡಿಕೊಂಡಿದ್ದೇನೆ.

ಬಂದದ್ದು ಎರಡು ದಿನಕ್ಕೆ. ನಮ್ಮ ಪಂಚಾಂಗದಲ್ಲಿ ಗಾಳಿಯ ಹೆಸರಿರುವ ಬಾದ್ ದಿನ, ಅಂದರೆ ಜುಲೈ 10ಕ್ಕೆ, ಊರಿನ ನಮ್ಮ ಜನರ ಸಂಘವಾದ ಅಂಜುಮನ್ನಿನ ಸಭಾಂಗಣದಲ್ಲಿ "ಕೇಡಿನ ಮೂಲ" ಎಂಬ ವಿಷಯದ ಮೇಲೆ ಎರಡು ಉಪನ್ಯಾಸ. ಮನಶ್ಶಾಸ್ತ್ರದ ಕಡೆಯಿಂದ ನಾನು, ಧರ್ಮದ ಕಡೆಯಿಂದ ಇನ್ನೊಬ್ಬರು. ಏರ್ಪಾಡು ದೌಲತ್ ಚಿಕ್ಕಮ್ಮನದು. ಜಾಗ ನೋಡಿಕೊಂಡು ಹೋಗಿ, ಆ ಹೊತ್ತಿಗೆ ಮತ್ತೆ ಬರುವುದೆಂದು ನನ್ನ ಲೆಕ್ಕ. ಚಹಾ ಕುಡಿಯುವಾಗ ಕೇಳಿದೆ.

"ಆ ಇನ್ನೊಬ್ಬರು ಯಾರು ಚಿಕ್ಕಮ್ಮ?"

"ಯಾರೋ ಪುರೋಹಿತರು ಕಣೇ. ಕೆರ್ಮಾನಿನ ಅಗ್ನಿಮಂದಿರದವರು."

"ಹೆಸರಿಲ್ಲವಾ ಅವರಿಗೆ?"

"ಯಾಕಿಲ್ಲ? ನಾನೇ ಇಟ್ಟದ್ದಲ್ಲವಾ!"

ಲೋಟ ಕೆಳಗಿಟ್ಟೆ. ಅವಳು ಹೆಸರಿಟ್ಟ ಪುರೋಹಿತ ಒಬ್ಬನೇ, ತೀರಂದಾಜ್. "ನಾನು ಬರೋದಿಲ್ಲ" ಎಂದೆ.

"ಬಂದಾಯ್ತಲ್ಲ" ಎಂದಳು. ಎಪ್ಪತ್ತೊಂಬತ್ತು ವರ್ಷದ ಹೆಂಗಸು, ಕಲ್ಲುಸಕ್ಕರೆಯನ್ನು ಹಲ್ಲಿನಿಂದಲೇ ಕಡಿಯುತ್ತಾಳೆ.

ಜುಲೈ 1, ತೀರ್ ದಿನ

ನೀರೆರಚುವ ಹಬ್ಬ. ಬೆಳಗಿನಿಂದ ಓಣಿಯಲ್ಲಿ ನೀರಾಟ. ಕಿಟಕಿ ಹಾಕಿಕೊಂಡು ಒಳಗೆ ಕೂತೆ. ಹತ್ತು ಗಂಟೆಗೆ ಚಿಕ್ಕಮ್ಮ ತೋಳಿನಿಂದ ನೀರು ತೊಟ್ಟಿಕ್ಕಿಸುತ್ತ ಬಂದು, ಕೇಳದೆಯೇ ನನ್ನ ಮಣಿಕಟ್ಟಿಗೆ ಏಳು ಬಣ್ಣದ ರೇಷ್ಮೆ ದಾರ ಕಟ್ಟಿದಳು.

"ಬಾದ್ ದಿನದವರೆಗೂ ಬಿಚ್ಚೋ ಹಾಗಿಲ್ಲ. ಆಮೇಲೆ ಗಾಳಿಗೆ ಬಿಡು."

"ನನಗೆ ಐವತ್ತನಾಲ್ಕು ವರ್ಷ ಚಿಕ್ಕಮ್ಮ."

"ನಿನಗೆ ಇರಬಹುದು. ಕೈಗೆ ಏನಾಗಿದೆ?"

ಪಾತ್ರೆ ತೊಳೆಯುವಾಗ ಅಡ್ಡ ಬರುತ್ತದೆ. ನಾಳೆ ಕತ್ತರಿಸಿ ಹಾಕಬೇಕು.

ಏಳು ವರ್ಷದ ಹಿಂದೆ ಇದೇ ದಿನ ತೀರಂದಾಜ್ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ತಂದು ತಲೆಯ ಮೇಲೆ ಒಂದು ತಂಬಿಗೆ ನೀರು ಹೊಯ್ದ. ಬೇಡವೆಂದು ಹೇಳಿದ್ದೆ. ಎಂಬತ್ತನಾಲ್ಕು ವಯಸ್ಸು, ಎದೆ ದುರ್ಬಲ. ಹೊಯ್ದ. ಆಮೇಲೆ ಕುರ್ಚಿಯನ್ನು ತಳ್ಳಿ, ಮೇಲಿನ ಗಾಳಿಯನ್ನು ಮನೆಯೊಳಕ್ಕೆ ಇಳಿಸುವ ಗಾಳಿಗೋಪುರದ ಕೆಳಗೆ ನಿಲ್ಲಿಸಿದವಳು ನಾನು. ಅಲ್ಲಿ ತಂಪಾಗಿರುತ್ತದೆಂದು ಅಪ್ಪನೇ ಕೇಳಿದ್ದ. ಟವೆಲ್ ತರಲು ಒಳಗೆ ಹೋದೆ, ಫೋನ್ ಬಂತು, ವಾಪಸು ಬರುವಾಗ ಕಾಲು ಗಂಟೆ ಆಗಿತ್ತು. ಮೂರನೇ ದಿನ ಜ್ವರ. ಆರನೇ ದಿನ ಅಪ್ಪ ಇಲ್ಲ.

ಇಷ್ಟೇ ಸಂಗತಿ. ಬೇರೆ ಯಾರಾದರೂ ಬಂದು ಇದನ್ನು ಹೇಳಿದ್ದರೆ ನಾನು ತಲೆಯಾಡಿಸಿ "ಆಮೇಲೆ?" ಎನ್ನುತ್ತಿದ್ದೆ.

ಜುಲೈ 2, ಗೋಶ್ ದಿನ

ಇವತ್ತು ಹೊರಡಬೇಕಿತ್ತು. ಅಂಜುಮನ್ ಕಾರ್ಯದರ್ಶಿ ನಾಮ್‌ದಾರ್ ಬಂದು ಕೂತರು. ನಿವೃತ್ತ ಹೆಡ್‌ಮಾಸ್ಟರ್, ಎಲ್ಲಕ್ಕೂ ಗಾಬರಿಪಡುವ ಮನುಷ್ಯ. ಬ್ಯಾನರಿನದು ತೊಂದರೆ. "ಅಹ್ರಿಮನ್: ಕೇಡು ಎಲ್ಲಿಂದ ಬಂತು?" ಎಂಬುದು ಅದರ ತಲೆಬರಹ. ಕೇಡಿನ ಒಡೆಯನ ಆ ಹೆಸರನ್ನು ನಮ್ಮ ಹಳೆಯ ಲಿಪಿಕಾರರು ತಲೆಕೆಳಗಾಗಿಯೇ ಬರೆಯುತ್ತಿದ್ದರು. ಬ್ಯಾನರಿನಲ್ಲೂ ಹಾಗೆಯೇ ಇರಬೇಕೆಂದು ಚಿಕ್ಕಮ್ಮ ಹಟ ಹಿಡಿದಿದ್ದಾಳೆ. ನಗರದ ಪ್ರೆಸ್ಸಿನವನು ತಪ್ಪಾಗಿದೆ ಎಂದುಕೊಂಡು ಎರಡು ಸಲ ತಿದ್ದಿ ನೆಟ್ಟಗೆ ಮಾಡಿದ್ದಾನೆ.

"ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅವನಿಗೆ ಅರ್ಥವಾಗ್ತಿಲ್ಲ ಕಿಶ್ವರ್ ಖಾನುಮ್. ‘ತಾತ, ತಲೆಕೆಳಗೆ ಯಾರಾದರೂ ಓದ್ತಾರಾ?’ ಅಂತಾನೆ" ಎಂದು ನನ್ನ ಹತ್ತಿರ ದೂರಿದರು.

"ಓದಬಾರದು ಅಂತಲೇ ಕಣಯ್ಯ ಹಾಗೆ ಬರೆಯೋದು!" ಎಂದು ಅಡಿಗೆಮನೆಯಿಂದ ಚಿಕ್ಕಮ್ಮ.

ಅವಳು ಆ ಹೆಸರನ್ನು ಬಾಯಲ್ಲೂ ಆಡುವುದಿಲ್ಲ. "ಆ ತಲೆಕೆಳಗಿನವನು" ಎನ್ನುತ್ತಾಳೆ. ಹಾಲು ಒಡೆದರೆ ಅವನು, ಮೊಣಕಾಲು ನೋವಿಗೆ ಅವನು, ಪಕ್ಕದ ಮನೆಯವಳು ಸುಳ್ಳು ಹೇಳಿದರೂ ಅವನು. ಪಾಪ ಪಕ್ಕದ ಮನೆಯವಳಿಗೆ ಮಾತ್ರ ಸಂಜೆ ಒಂದು ಬಟ್ಟಲು ಆಶ್ ಗಂಜಿ ಹೋಗುತ್ತದೆ.

ಬ್ಯಾನರ್ ಏನಾಗುತ್ತದೋ ನೋಡಿಕೊಂಡು ಹೊರಟರಾಯಿತು.

ಜುಲೈ 4, ಮೆಹ್ರ್ ದಿನ

ಬ್ಯಾನರ್ ಬಂತು. ನಾಮ್‌ದಾರ್ ಅಂಗಳದಲ್ಲಿ ಬಿಚ್ಚಿ, ದಾರ ಹಾಕುವ ರಂಧ್ರಗಳಿದ್ದ ಅಂಚನ್ನು ಮೇಲೆ ಹಿಡಿದು ನಿಂತರು. ಮೂವರೂ ನೋಡಿದೆವು. ಅಹ್ರಿಮನ್ ಎಂಬ ಹೆಸರು ಒಂದೇ ನೆಟ್ಟಗಿತ್ತು. ಉಳಿದದ್ದೆಲ್ಲ, ವಿಷಯ, ದಿನಾಂಕ, ನನ್ನ ಹೆಸರು, ತಮ್ಮನ ಹೆಸರು, ಅಂಜುಮನ್ನಿನ ಹೆಸರು, ತಲೆಕೆಳಗೆ.

ನಾಮ್‌ದಾರ್ ಅವರ ಮುಖ ಬಿಳುಚಿತು. "ಇದು ಅಪಶಕುನ. ಅವನೇ ಮಾಡಿಸಿದ್ದು."

"ನೋಡಿದೆಯಾ!" ಎಂದಳು ಚಿಕ್ಕಮ್ಮ. "ಅವನೊಬ್ಬನೇ ಎದೆಯುಬ್ಬಿಸಿ ನಿಂತಿದಾನೆ, ನಾವೆಲ್ಲ ಕಾಲು ಮೇಲೆ!"

ಇಬ್ಬರೂ ಅರ್ಧ ಗಂಟೆ ಶೋಕಿಸಿದರು. ಮರಳಿ ಕಳಿಸಬೇಕೋ, ಸುಡಬೇಕೋ, ಬೆಂಕಿಗೆ ಇಂಥದ್ದನ್ನು ಹಾಕಬಹುದೋ ಬಾರದೋ ಎಂಬ ಚರ್ಚೆ. ಕೊನೆಗೆ ನಾನು ಎದ್ದು ಬ್ಯಾನರಿನ ಎರಡು ತುದಿ ಹಿಡಿದು ಕೆಳಗಿನದು ಮೇಲೆ ಮಾಡಿದೆ. ಎಲ್ಲ ಸರಿಯಾಯಿತು. ಅವನು ತಲೆಕೆಳಗೆ, ನಾವು ನೆಟ್ಟಗೆ. ಪ್ರೆಸ್ಸಿನವನದು ಒಂದೇ ತಪ್ಪು, ರಂಧ್ರಗಳನ್ನು ಬೇರೆ ಅಂಚಿಗೆ ಹೊಡೆದಿದ್ದ.

ಚಿಕ್ಕಮ್ಮ ನಕ್ಕೂ ನಕ್ಕೂ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ನಾಮ್‌ದಾರ್ ನನ್ನ ಕೈ ಹಿಡಿದುಕೊಂಡು, "ಕಲಿತವರು ಕಲಿತವರೇ" ಎಂದರು. ನಾನೂ ನಕ್ಕಿರಬೇಕು, ಪಕ್ಕೆ ನೋಯುತ್ತಿದೆ.

ಯಜ್ದ್‌ನ ನನ್ನ ಮನೆಯಲ್ಲಿ ಫ್ಯಾನು ಸರಿಯಿಲ್ಲ. ಇಲ್ಲಿಯೇ ಉಪನ್ಯಾಸ ಬರೆಯುವುದು ವಾಸಿ.

ಜುಲೈ 5, ಸೊರೂಶ್ ದಿನ

ವೇದಿಕೆಯ ಮೇಲೆ ಜಗಳವಾಗಬಾರದೆಂದು ನಾಮ್‌ದಾರ್ ಒಂದು ಉಪಾಯ ಮಾಡಿದ್ದಾರೆ. ಇಬ್ಬರ ಬರಹವನ್ನೂ ಮೊದಲೇ ತರಿಸಿಕೊಂಡು ಅದಲುಬದಲು ಮಾಡುವುದು. ತೀರಂದಾಜನದು ಒಂಬತ್ತು ಪುಟ, ಕೈಬರಹ. ಇನ್ನೂ ಶಾಲೆಯ ಹುಡುಗನ ಹಾಗೆ ಅಂಚಿಗೆ ಗೆರೆ ಎಳೆದು ಬರೆಯುತ್ತಾನೆ.

ಅವನ ವಾದ ಸರಳ. ದೀಪ ಕತ್ತಲೆಯನ್ನು ಹೆರುವುದಿಲ್ಲ. ಒಳ್ಳೆಯ ದೇವರು ಕೇಡನ್ನು ಮಾಡಿದ ಎನ್ನುವುದಾದರೆ ಅವನನ್ನು ಒಳ್ಳೆಯವನು ಎನ್ನುವುದು ಬಿಡಿ. ಆದ್ದರಿಂದ ಕೇಡು ಮೊದಲಿನಿಂದಲೂ ಹೊರಗಿನದು. ಈ ಲೋಕದ ಮೇಲೆ ಬಿದ್ದ ದಾಳಿ. ಮನುಷ್ಯ ಆ ಯುದ್ಧದ ಬಯಲು, ಶತ್ರುವಲ್ಲ. ದಾಳಿಕೋರನಿಗೆ ಬಾಗಿಲು ತೆಗೆಯಬೇಕೋ ಬೇಡವೋ ಎಂಬಷ್ಟು ಮಾತ್ರ ಅವನ ಕೈಯಲ್ಲಿದೆ.

ನನ್ನದು ಹನ್ನೊಂದು ಪುಟ. ಏಟು ತಿಂದ ಮಗು ಗೊಂಬೆಗೆ ಹೊಡೆಯುತ್ತದೆ. ಹೆದರಿಕೆ, ಅವಮಾನ, ಪ್ರೀತಿ ಸಿಗದ ಬಾಲ್ಯ. ಒಂದು ವಾಕ್ಯ ನನಗೇ ಹಿಡಿಸಿತು: "ತಾನು ಹೊರಲಾರದ್ದನ್ನು ಮನುಷ್ಯ ಪಕ್ಕದಲ್ಲಿ ನಿಂತವನ ಹೆಗಲಿಗೆ ಏರಿಸುತ್ತಾನೆ, ಆಮೇಲೆ ಅದನ್ನು ಅವನ ಹೆಗಲಿನ ಮೇಲೆ ಕಂಡು ಬೆಚ್ಚುತ್ತಾನೆ." ಅಡಿಗೆರೆ ಹಾಕಿದೆ.

ನಾಮ್‌ದಾರ್ ಹೋಗುವಾಗ ಹೇಳಿದರು, ತೀರಂದಾಜ್ ಕೆರ್ಮಾನಿನಲ್ಲಿ ಹಬ್ಬದ ದಿನ ತಂಬಿಗೆ ಮುಟ್ಟುವುದಿಲ್ಲವಂತೆ. ಮಕ್ಕಳು ಎಳೆದರೂ ತೋಳು ಏಳುವುದಿಲ್ಲ ಎನ್ನುತ್ತಾನಂತೆ. ವಯಸ್ಸು ಐವತ್ತು ದಾಟಿದ ಮೇಲೆ ಎಲ್ಲರಿಗೂ ಇರುವುದೇ.

ಜುಲೈ 6, ರಶ್ನ್ ದಿನ

ಕೆಂಪು ಪೆನ್ನು ಹಿಡಿದು ಅವನ ಪುಟಗಳಲ್ಲಿ ಬಿರುಕು ಹುಡುಕುತ್ತಿದ್ದೆ. ದೊಡ್ಡ ಬಿರುಕು ಸಿಕ್ಕಿತು. ಒಂಬತ್ತು ಪುಟದಲ್ಲಿ ಒಬ್ಬನೇ ಒಬ್ಬ ಅಪರಾಧಿಯಿಲ್ಲ. ಮುತ್ತಾತನ ತೋಟದ ನೀರಿನ ಕಾಲುವೆಯನ್ನು ರಾತ್ರೋರಾತ್ರಿ ಒಡೆದವನ ಕಥೆ ಬರೆಯುತ್ತಾನೆ, ಅವನನ್ನೂ ಬಿಟ್ಟುಬಿಡುತ್ತಾನೆ. ಅಂಚಿನಲ್ಲಿ ಬರೆದೆ: "ಈ ಲೋಕದಲ್ಲಿ ಯಾರೂ ಏನನ್ನೂ ಮಾಡಿಲ್ಲ. ಅಪಾಯಕಾರಿ."

ಏಳನೇ ಪುಟದ ಕೊನೆಗೆ ಹೀಗಿದೆ: "ಇದು ನಿನ್ನಿಂದ ಬಂತು ಎಂದು ಒಬ್ಬ ಮನುಷ್ಯನತ್ತ ಬೆರಳು ತೋರಿಸಿದರೆ ನಿಜವಾದ ಶತ್ರು ಆ ಮನುಷ್ಯನ ಬೆನ್ನ ಹಿಂದೆ ಅಡಗಿಕೊಳ್ಳುತ್ತಾನೆ. ನಾನು ಯಾರಿಗೂ ಆ ಮಾತು ಹೇಳಿಲ್ಲ."

ಅಂಚಿನಲ್ಲಿ "ಸುಳ್ಳು" ಎಂದು ಬರೆದೆ. ನಮ್ಮಲ್ಲಿ ಅದಕ್ಕಿಂತ ಕೆಟ್ಟ ಪದವಿಲ್ಲ. ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ.

ಏಕೆಂದರೆ ಅವನು ಸುಳ್ಳು ಹೇಳುವುದಿಲ್ಲ. ಆರು ವರ್ಷದವನಿದ್ದಾಗ ಅಗ್ನಿಮಂದಿರದ ಹಿತ್ತಾಳೆ ತಟ್ಟೆ ಬೀಳಿಸಿ ತಗ್ಗು ಮಾಡಿ, ಯಾರೂ ಕೇಳುವ ಮೊದಲೇ ಊರಿನ ಮನೆಮನೆಗೆ ಹೋಗಿ ಹೇಳಿಬಂದವನು.

ಎದ್ದು ಹೋಗಿ ಮುಖ ತೊಳೆದುಕೊಂಡೆ. "ಕೇಡು ಹೊರಗಿಂದ ಬಂದಿಲ್ಲ." ಇದು ಅವನು ನಂಬುವ ಮಾತೇ ಅಲ್ಲ. ಹೊರಗಿಂದ ಬರುತ್ತದೆ ಎನ್ನುವುದೇ ಅವನ ಒಂಬತ್ತೂ ಪುಟ. ಒಳಗಿಂದ ಬರುತ್ತದೆ ಎಂದು ಮೂವತ್ತು ವರ್ಷದಿಂದ ಹೇಳುತ್ತ ಬಂದವಳು ಇನ್ನೊಬ್ಬಳು.

ಜುಲೈ 7, ಫರ್ವರ್ದೀನ್ ದಿನ

ಚಿಕ್ಕಮ್ಮ ಪುದೀನ ಬಿಡಿಸುತ್ತಿದ್ದಳು. ಎದುರು ಕೂತು ನಾನೂ ಬಿಡಿಸಿದೆ. ಒಂದು ಕಟ್ಟು ಮುಗಿದ ಮೇಲೆ ಕೇಳಿದೆ.

"ಅಪ್ಪನ ನಾಲ್ಕನೇ ದಿನ ನೀನು ಒಲೆ ಮುಂದೆ ಇದ್ದೆಯಲ್ಲ ಚಿಕ್ಕಮ್ಮ. ಆ ಮಾತು ಆಡಿದ್ದು ಯಾರು?"

"ಯಾವ ಮಾತು?"

ಹೇಳಿದೆ.

"ನೀನೇ ಅಂದದ್ದು ಕಣೇ." ಕೈ ನಿಲ್ಲಿಸಲಿಲ್ಲ. "ಅವನು ರೊಟ್ಟಿ ತಟ್ಟೆ ತೆಗೆದುಕೊಂಡು ಹೋಗೋಕೆ ಬಂದಿದ್ದ. ನೀನು ಅಂದೆ. ಅವನು ‘ಸರಿ ಅಕ್ಕಾ’ ಅಂದ. ತಟ್ಟೆ ತಗೊಂಡು ಹೋದ."

"ಏಳು ವರ್ಷದಿಂದ ಅವನು ಅಂದ ಅಂತ ನಿನ್ನ ಮುಂದೆ ಎಷ್ಟು ಸಲ ಅತ್ತಿದೀನಿ! ಒಂದು ಸಲ ಹೇಳಬಾರದಿತ್ತಾ?"

"ಎಷ್ಟು ಚೆನ್ನಾಗಿ ಹೇಳ್ತಿದ್ದೆ ಅಂತೀಯ. ಮಧ್ಯ ಬಾಯಿ ಹಾಕೋಕೆ ಮನಸ್ಸು ಬರ್ತಿರಲಿಲ್ಲ."

"ಚಿಕ್ಕಮ್ಮ!"

"ಮತ್ತೇನು? ಅವತ್ತು ನೀನೆಲ್ಲಿ ಮಾತಾಡಿದೆ? ಆ ತಲೆಕೆಳಗಿನವನು ಆಡಿದ. ಅವನ ಮಾತನ್ನ ನೆನಪಿಟ್ಟುಕೊಂಡು ನಿನಗೆ ಒಪ್ಪಿಸೋದಕ್ಕೆ ನಾನೇನು ಅವನ ಗುಮಾಸ್ತಳಾ? ಇವತ್ತು ನೀನಾಗಿ ಕೇಳಿದೆ, ಹೇಳಿದೆ. ಆ ಕಡ್ಡಿ ಬಿಸಾಕು, ಬರೀ ಕಡ್ಡಿಯೇ ಹಾಕ್ತಿದೀಯ."

ನೋಡಿದರೆ ನನ್ನ ಬುಟ್ಟಿಯಲ್ಲಿ ಎಲೆಯೇ ಇರಲಿಲ್ಲ.

ಹಾಗಾದರೆ ಏಳು ವರ್ಷ ಆ ಮಾತನ್ನು ಹೊತ್ತು ತಿರುಗಿದವನು ಅವನು. ನಾನು ಹೊತ್ತದ್ದು ಬರೀ ಖಾಲಿ ಬುಟ್ಟಿ.

ಜುಲೈ 8, ಬಹ್ರಾಮ್ ದಿನ

ಇದಕ್ಕೆ ಶಾಸ್ತ್ರದಲ್ಲಿ ಹೆಸರಿದೆ. ಗಾಳಿಗೋಪುರದ ಕೆಳಗೆ ಒದ್ದೆ ಬಟ್ಟೆಯ ಮುದುಕನನ್ನು ಬಿಟ್ಟುಹೋದವಳು ತನ್ನ ತಪ್ಪು ನೋಡಲಾರದೆ ಅದನ್ನು ತಮ್ಮನ ಮೇಲೆ ಎಸೆದಳು. ಎಸೆದದ್ದನ್ನೂ ನೋಡಲಾರದೆ ಅವನೇ ತನ್ನ ಮೇಲೆ ಎಸೆದನೆಂದು ನೆನಪು ಕಟ್ಟಿಕೊಂಡಳು. ಎರಡು ಮಡಿಕೆ. ಪರೀಕ್ಷೆಯಲ್ಲಿ ಬಂದರೆ ಪೂರ್ಣ ಅಂಕ.

ಗಾಳಿಗೋಪುರದ ಭಾಗ ಬಿಟ್ಟು ಉಳಿದದ್ದನ್ನು ಚಿಕ್ಕಮ್ಮನಿಗೆ ವಿವರಿಸಿದೆ. ಗಮನವಿಟ್ಟು ಕೇಳಿದಳು.

"ಸರಿ. ಅದನ್ನ ಮಾಡಿಸಿದ್ದು ಯಾರು?"

"ಭಯ."

"ಭಯ ಎಲ್ಲಿಂದ ಬಂತು?"

"ಚಿಕ್ಕಂದಿನಿಂದ."

"ಚಿಕ್ಕಂದಿನಲ್ಲಿ ನೀನು ಹೆದರಿದ್ದೇ ನಾನು ಕಾಣೆ. ಕೋಳಿಗೂಡಿಗೆ ಕೈ ಹಾಕಿ ನರಿಮರಿ ಹೊರಗೆ ಎಳೆದವಳು." ಸ್ವಲ್ಪ ಯೋಚಿಸಿ ಹೇಳಿದಳು, "ಇರಲಿ ಬಿಡು, ನೀನು ಭಯ ಅನ್ನು. ಅವನಿಗೆ ಎಷ್ಟು ಹೆಸರೋ."

ಕೆರ್ಮಾನಿಗೆ ಫೋನ್ ಮಾಡಲು ನಾಲ್ಕು ಸಲ ಹೊರಟೆ. ಏನೆಂದು ಶುರುಮಾಡುವುದು? "ನೀನು ಅಂದದ್ದಕ್ಕೆ ಕ್ಷಮಿಸಿದ್ದೇನೆ" ಎಂಬ ವಾಕ್ಯ ಏಳು ವರ್ಷದಿಂದ ತಯಾರಿತ್ತು. ಅದು ಈಗ ಯಾವ ಕೆಲಸಕ್ಕೂ ಬಾರದು. ಅವನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ತಿರುಗಿ ಹೋದರೆ ಅದು ನ್ಯಾಯವೇ. ಹೋಗದಿರಲಿ.

ಹಸಿವು ವಿಪರೀತ. ಎರಡು ಬಟ್ಟಲು ಆಶ್, ಅರ್ಧ ಕರಬೂಜ.

ಜುಲೈ 9, ರಾಮ್ ದಿನ

ಅವನು ಮೂರೂವರೆ ಬಸ್ಸಿಗೆ ಬರುತ್ತಾನೆಂದು ಚಿಕ್ಕಮ್ಮ ಹೇಳಿದ್ದಳು. ಮೂರು ಗಂಟೆಗೆ ಕ್ಷಮಾಪಣೆಯ ಮಾತು ಒಂದು ಚೀಟಿಯಲ್ಲಿ ಬರೆದುಕೊಂಡೆ. ಐದು ವಾಕ್ಯ. ಓದಿದರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. ಹರಿದು ಹಾಕಿದೆ.

ಓಣಿಯ ತಿರುವಿನಲ್ಲಿ ಬಿಳಿ ಬಟ್ಟೆ ಕಾಣಿಸಿತು. ಗಡ್ಡ ಪೂರ್ತಿ ನರೆತಿದೆ. ಕೈಯಲ್ಲಿ ಅದೇ ಹಳೆಯ ಸೂಟ್‌ಕೇಸು. ನನ್ನನ್ನು ಬಾಗಿಲಲ್ಲಿ ಕಂಡು ನಿಂತ. ಹತ್ತು ಹೆಜ್ಜೆ ದೂರ. ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ.

ಬಾವಿಕಟ್ಟೆಯ ಮೇಲೆ ದಾಳಿಂಬೆ ಗಿಡಕ್ಕೆಂದು ತುಂಬಿಟ್ಟ ಬಕೆಟ್ ಇತ್ತು. ಅದನ್ನು ಯಾವಾಗ ಎತ್ತಿದೆನೋ, ಆ ಹತ್ತು ಹೆಜ್ಜೆ ಯಾವಾಗ ದಾಟಿದೆನೋ ಗೊತ್ತಿಲ್ಲ. ಇಡೀ ಬಕೆಟ್ ಅವನ ಮೇಲೆ, ತಲೆಯಿಂದ ಕಾಲಿನವರೆಗೆ.

ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದವು. ತೀರಂದಾಜ್ ಕಣ್ಣು ಒರೆಸಿಕೊಂಡ. ಟೋಪಿಯಿಂದ ನೀರು ಸುರಿಯುತ್ತಿತ್ತು.

"ಹಬ್ಬ ಮುಗಿದು ಎಂಟು ದಿನ ಆಯ್ತಲ್ಲ ಅಕ್ಕಾ."

"ಏಳು ವರ್ಷದ್ದು ಒಟ್ಟಿಗೆ" ಎಂದೆ. ಆಮೇಲೆ ಎಂದೆ, "ಆ ಮಾತು ನಾನು ಆಡಿದ್ದು ಕಣೋ. ನೀನಲ್ಲ, ನಾನು."

"ಗೊತ್ತು. ನಾನು ಎದುರಿಗೇ ನಿಂತಿದ್ದೆನಲ್ಲ."

"ನಂಬಿದ್ದೆಯಾ ಅದನ್ನ?"

ಅವನು ಸೂಟ್‌ಕೇಸು ಕೆಳಗಿಟ್ಟ. "ಹಗಲು ಹೊತ್ತು ನಂಬ್ತಿರಲಿಲ್ಲ" ಎಂದ. "ಹಬ್ಬದ ದಿನ ಒಂದು ಬಿಟ್ಟು."

ನನ್ನ ಓಢಣಿಯಿಂದ ಅವನ ಗಡ್ಡ ಒರೆಸಿದೆ. ಹಿಂದಿನಿಂದ ಚಿಕ್ಕಮ್ಮ ಕೂಗಿದಳು, "ಅಯ್ಯೋ, ದಾಳಿಂಬೆ ಗಿಡದ ನೀರು ಅದು! ಇಬ್ಬರೂ ಹೋಗಿ ಸೇದಿ ತುಂಬಿ. ಒಬ್ಬಳು ಪಂಡಿತೆ, ಒಬ್ಬ ಪುರೋಹಿತ, ಮನೆಯಲ್ಲಿ ಕೆಲಸಕ್ಕೆ ಒಬ್ಬರಿಲ್ಲ."

ಸೇದಿ ತುಂಬಿದೆವು. ತುಂಬುವಾಗ ಇನ್ನೊಮ್ಮೆ ಇಬ್ಬರೂ ಒದ್ದೆಯಾದೆವು, ಅದಕ್ಕೆ ಯಾರು ಕಾರಣ ಎಂಬುದು ಇತ್ಯರ್ಥವಾಗಿಲ್ಲ.

ಜುಲೈ 10, ಬಾದ್ ದಿನ

ಸಂಜೆ ಐದಕ್ಕೆ ಸಭೆ. ಎಪ್ಪತ್ತು ಜನ. ಬ್ಯಾನರ್ ಸರಿಯಾಗಿಯೇ ತೂಗುತ್ತಿತ್ತು. ಆದರೂ ನಾಮ್‌ದಾರ್ ಐದೈದು ನಿಮಿಷಕ್ಕೆ ಎದ್ದು ನೋಡುತ್ತಿದ್ದರು.

ಮೊದಲು ನಾನು. ಹನ್ನೊಂದು ಪುಟ ಕೈಯಲ್ಲಿತ್ತು, ಆದರೆ ನನ್ನ ಬಾಯಿಂದ ಬಂದದ್ದು ಬೇರೆ. ಕೆಲವು ಮಾತುಗಳು ನಮ್ಮ ಬಾಯಲ್ಲಿ ಬರುತ್ತವೆ, ಆದರೆ ಅವು ನಮ್ಮವೆಂದು ಗುರುತು ಹತ್ತುವುದಿಲ್ಲ, ಹೊರಗಿನಿಂದ ಯಾರೋ ನುಗ್ಗಿ ಆಡಿಹೋದ ಹಾಗಿರುತ್ತದೆ, ಇದಕ್ಕೆ ನನ್ನ ಶಾಸ್ತ್ರದಲ್ಲಿ ಹೆಸರಿದೆ, ಹೆಸರಿದ್ದ ಮಾತ್ರಕ್ಕೆ ನನಗೆ ಅರ್ಥವಾಗಿದೆ ಎಂದು ಹೇಳಲಾರೆ ಎಂದೆ. ಆಮೇಲೆ ತೀರಂದಾಜ್ ಎದ್ದು, ಎಲ್ಲವನ್ನೂ ಹೊರಗಿನವನ ಮೇಲೆ ಹಾಕಿದರೆ ಸುಖವಾಗಿರುತ್ತದೆ, ಆದರೆ ತಂಬಿಗೆ ಹಿಡಿದ ಕೈ ನನ್ನದೇ ಆಗಿತ್ತಲ್ಲ ಎಂದು ಏಳು ವರ್ಷ ಯೋಚಿಸಿದ್ದೇನೆ, ಅದನ್ನು ಯಾರ ಬೆನ್ನ ಹಿಂದೆ ಬಚ್ಚಿಡಲಿ ಎಂದ. ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರನ್ನು ಕೇಳಿದ್ದು ವೇದಿಕೆಗೆ ಕೇಳಿಸಿತು: "ಇವರಿಬ್ಬರಲ್ಲಿ ಪುರೋಹಿತರು ಯಾರು?"

ವಂದನಾರ್ಪಣೆಗೆ ನಾಮ್‌ದಾರ್ ಮೊದಲೇ ಬರೆದಿಟ್ಟುಕೊಂಡಿದ್ದರು. ಇಬ್ಬರ ಹೆಸರನ್ನೂ ಅದಲುಬದಲು ಮಾಡಿ ಓದಿದರು. ಹೊಂದಿಕೊಂಡಿತು.

ಆಮೇಲೆ ಎಲ್ಲರೂ ಮಾಳಿಗೆ ಹತ್ತಿ ಮಣಿಕಟ್ಟಿನ ದಾರ ಬಿಚ್ಚಿ ಗಾಳಿಗೆ ಬಿಟ್ಟರು. ನನ್ನದರ ಗಂಟು ಬಿಗಿಯಾಗಿತ್ತು. ತೀರಂದಾಜ್ ಹಲ್ಲಿನಿಂದ ಬಿಡಿಸಿದ. ಜನ ಇಳಿದು ಹೋದರು. ನಾವಿಬ್ಬರೇ ಗೋಡೆಗೆ ಒರಗಿ ಕೂತೆವು. ನಾನು ಗಾಳಿಗೋಪುರದ ಸಂಗತಿ ಹೇಳಿದೆ, ಫೋನು, ಕಾಲು ಗಂಟೆ, ಎಲ್ಲ. ಯಾರಿಗೂ ಹೇಳಿರಲಿಲ್ಲ. ಆಮೇಲೆ ಅವನ ಭುಜ ಕುಲುಕಿತು. ಅಳುತ್ತಿದ್ದಾನೆ ಅಂದುಕೊಂಡೆ.

"ನೀನು ಒಳಗೆ ಹೋದೆಯಲ್ಲ," ಎಂದ ನಗು ತಡೆಯಲಾರದೆ, "ಅಪ್ಪ ನನ್ನ ತೋಳು ಎಳೆದು ಏನಂದ ಗೊತ್ತಾ? ‘ಅವಳು ಟವೆಲ್ ತರೋದರೊಳಗೆ ಇನ್ನೊಂದು ಹುಯ್ಯೋ, ಬೇಗ, ಬೇಗ. ಅವಳಿಗೆ ಹೇಳಬೇಡ.’"

"ಹುಯ್ದೆಯಾ?"

"ಹುಯ್ದೆ."

"ಏಳು ವರ್ಷ ಹೇಳಲಿಲ್ಲ ನೀನು!"

"ಹೇಳಬೇಡ ಅಂದಿದ್ದನಲ್ಲ. ನೀನೂ ಕೇಳಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಮೂರು ಕೈ ಸೇರಿ ಮಾಡಿದ್ದನ್ನು ಇಬ್ಬರೇ ಹಂಚಿಕೊಂಡಿದ್ದೆವು. ಮೂರನೆಯವನು ನಗುತ್ತ ಪಾರಾಗಿದ್ದ. ಕೆಳಗಿನಿಂದ ಚಿಕ್ಕಮ್ಮ ಊಟಕ್ಕೆ ಕರೆಯುವವರೆಗೂ ಇಬ್ಬರೂ ನಕ್ಕೆವು. ಊಟದಲ್ಲಿ ಮತ್ತೆ. ಅವನೀಗ ಅಂಗಳದ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ, ನಿನ್ನ ಹಾಗೆಯೇ.

ಅಪ್ಪಾ, ಎರಡನೆಯದು ತಣ್ಣಗಿತ್ತಾ?